ನಮ್ ಆಫೀಸಲ್ಲಿರೋ ಈ ನೇರಳೆ ತುಪ್ಪಳದ ಹಳೇ ಗಿಡ ಯಾವ್ದು, ಯಾರಿಗಾದ್ರೂ ಗೊತ್ತಾ?

ಮೂಲೆಮೇಜು:

ಎಲ್ರಿಗೂ ನಮಸ್ಕಾರ. ಗಿಡದ ವಿಷ್ಯದಲ್ಲಿ ನಾನು ಪೂರ್ತಿ ದಡ್ಡ, ಪ್ರಶ್ನೆ ಬಾಲಿಶ ಅನ್ಸಿದ್ರೆ ಬೈಕೋಬೇಡಿ.

ನಮ್ ಆಫೀಸಲ್ಲಿ ಕಿಟಕಿ ಪಕ್ಕದ ಫೈಲ್ ಕಪಾಟಿನ ಮೇಲೆ ಒಂದು ಗಿಡ ಇದೆ, ಅದು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ನಾನು ಸೇರಿ ಎರಡು ವರ್ಷ ಆಯ್ತು, ಆಗ್ಲೂ ಇತ್ತು, ನಮ್ಮಲ್ಲಿ ಎಲ್ಲರಿಗಿಂತ ಹಳಬರು ಒಬ್ರಿದಾರೆ ಅವರನ್ನ ಕೇಳಿದ್ರೆ ನಾನು ಬಂದಾಗ್ಲೇ ಇತ್ತಪ್ಪಾ ಅಂತಾರೆ, ಅವರು ಬಂದು ಹದಿನೆಂಟು ವರ್ಷ ಆಗಿದೆ! ಅಂದ್ರೆ ಕಮ್ಮಿ ಅಂದ್ರೂ ಹದಿನೆಂಟು ವರ್ಷದ ಗಿಡ. ಈಗ ಆ ಕಡೆ ಪೇಂಟಿಂಗ್ ಕೆಲ್ಸ ಶುರು ಆಗುತ್ತೆ, ಕಪಾಟು ಎತ್ತಬೇಕು, ಗಿಡ ಎಸೀರಿ ಅಂದ್ರು, ನನಗೆ ಮನಸ್ಸು ಬರ್ಲಿಲ್ಲ, ನನ್ ಮೇಜಿನ ಮೇಲೆ ತಂದಿಟ್ಕೊಂಡಿದೀನಿ.

ಎಲೆ ನನ್ನ ಅಂಗೈ ಉದ್ದ ಇದೆ, ಅಂಚು ಗರಗಸದ ಥರ ಹಲ್ಲು ಹಲ್ಲು. ಮೈ ತುಂಬಾ ನೇರಳೆ ಬಣ್ಣದ ಮೆತ್ತನೆ ಕೂದಲು, ಮುಟ್ಟಿದ್ರೆ ಕರುವಿನ ಕಿವಿ ಮುಟ್ಟಿದ ಹಾಗೇ ಇರುತ್ತೆ. ತುದೀಲಿರೋ ಸಣ್ಣ ಎಲೆಗಳಂತೂ ಎಷ್ಟು ನೇರಳೆ ಅಂದ್ರೆ ಒಂಥರಾ ಹೊಳೀತಾವೆ, ಕೆಳಗಿನ ದೊಡ್ಡ ಎಲೆಗಳು ಮಾತ್ರ ಹಸಿರು ತಿರುಗಿವೆ. ಈಗ ಒಂದು ವರ್ಷದಿಂದ ಸೊರಗ್ತಾ ಇದೆಯಂತೆ. ಕೆಳಗೆ ಒಂದೂವರೆ ಅಡಿ ಬರೀ ಬೋಳು ದಂಟು, ತುದೀಲಿ ಮಾತ್ರ ಒಂದು ಗುಚ್ಛ ಎಲೆ, ಅದೂ ಕಪಾಟಿಂದ ಕೆಳಗೆ ಜೋತು ಬಿದ್ದಿತ್ತು. ಕೆಲವು ಎಲೆ ಮೇಲೆ ಕಂದು ಮಚ್ಚೆ.

ಮೊಬೈಲ್ ಆ್ಯಪಲ್ಲಿ ಮೂರು ಸಲ ಫೋಟೋ ಹೊಡೆದೆ, ಮೂರು ಹೆಸರು ಕೊಡ್ತು. ಒಂದ್ಸಲ ಪರ್ಪಲ್ ಹಾರ್ಟ್, ಒಂದ್ಸಲ ಕೋಲಿಯಸ್, ಇನ್ನೊಂದ್ಸಲ ಪರ್ಶಿಯನ್ ಶೀಲ್ಡ್. ಯಾವ್ದು ನಂಬೋದು? ಫೋಟೋ ಹಾಕಿದೀನಿ, ಸ್ವಲ್ಪ ಮಬ್ಬಾಗಿದೆ, ಸಾರಿ.

ಕುಂಡಪ್ಪ:

ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಸಾರ್, ಪರ್ಪಲ್ ಹಾರ್ಟ್ ಇದು. ನಮ್ಮನೇಲಿ ರಾಶಿ ಇದೆ. ಮುರಿದು ಎಲ್ಲಿ ಚುಚ್ಚಿದ್ರೂ ಬರುತ್ತೆ, ಸಾಯ್ಸೋಕೆ ಹೋದ್ರೂ ಸಾಯಲ್ಲ. ಬಿಸಿಲಿಗಿಡಿ, ಮತ್ತೆ ತಲೆ ಕೆಡಿಸ್ಕೋಬೇಡಿ.

ಎಲೆ_ಎಣಿಕೆ:

ಕುಂಡಪ್ಪನವ್ರೇ ತಡೀರಿ ತಡೀರಿ. ನೇರಳೆ ಇದ್ದಿದ್ದೆಲ್ಲಾ ಪರ್ಪಲ್ ಹಾರ್ಟ್ ಆಗಲ್ಲ. ಪರ್ಪಲ್ ಹಾರ್ಟ್ ಅಂದ್ರೆ ಟ್ರೇಡ್‌ಸ್ಕ್ಯಾಂಶಿಯಾ ಪಲ್ಲಿಡಾ, ಅದು ಮೆಕ್ಸಿಕೋ ಕಡೇದು. ಅದರ ಎಲೆ ಬುಡ ನೋಡಿ, ದಂಟನ್ನ ತೋಳಿನ ಹಾಗೆ ಸುತ್ತಿಕೊಂಡಿರುತ್ತೆ, ಪ್ರತ್ಯೇಕ ತೊಟ್ಟು ಅಂತ ಇರಲ್ಲ. ಎಲೆ ಗೆರೆಗಳು ಹುಲ್ಲಿನ ಎಲೇಲಿದ್ದ ಹಾಗೆ ಉದ್ದುದ್ದ ಹೋಗಿರ್ತಾವೆ. ಅಂಚು ನುಣುಪು, ಗರಗಸದ ಹಲ್ಲು ಅದಕ್ಕೆ ಸಾಧ್ಯವೇ ಇಲ್ಲ. ಇವ್ರು ಮೊದಲ ಪೋಸ್ಟಲ್ಲೇ ಹಲ್ಲು ಹಲ್ಲು ಅಂದಿದಾರೆ, ಅಲ್ಲಿಗೆ ಅದು ಔಟ್.

ಮೂಲೆಮೇಜು, ಆ್ಯಪ್ ಬಣ್ಣ ನೋಡಿ ಮೋಸ ಹೋಗುತ್ತೆ, ನೀವು ಕಣ್ಣಲ್ಲಿ ನೋಡಿ ಹೇಳಿ. ಎಲೆಗಳು ದಂಟಿನ ಮೇಲೆ ಜೋಡಿ ಜೋಡಿಯಾಗಿ ಎದುರುಬದುರು ಬಂದಿದಾವಾ, ಅಥವಾ ಒಂದು ಈ ಕಡೆ ಆಮೇಲೆ ಸ್ವಲ್ಪ ಮೇಲೆ ಇನ್ನೊಂದು ಆ ಕಡೆ ಅಂತ ಬಂದಿದಾವಾ? ಕೋಲಿಯಸ್ ಆಗಿದ್ರೆ ಜೋಡಿ ಇರುತ್ತೆ, ದಂಟನ್ನ ಬೆರಳ ಮಧ್ಯ ಹೊರಳಿಸಿದ್ರೆ ನಾಲ್ಕು ಮೂಲೆ ಚೌಕ ಕೈಗೆ ಸಿಗುತ್ತೆ, ತುಳಸಿ ಕುಟುಂಬದ್ದು ತಾನೆ. ಪರ್ಶಿಯನ್ ಶೀಲ್ಡ್‌ದೂ ಜೋಡಿ ಎಲೆ, ಆದ್ರೆ ಅದರ ನೇರಳೆ ಲೋಹದ ಹೊಳಪಿನ ಥರ ಇರುತ್ತೆ, ತುಪ್ಪಳ ಇರಲ್ಲ. (ಹೆಸರಲ್ಲಿ ಪರ್ಶಿಯಾ ಇದ್ರೂ ಅದರ ಮೂಲ ಮ್ಯಾನ್ಮಾರ್, ನಮ್ಮ ನೀಲಕುರಿಂಜಿಯ ಕುಲದ್ದೇ ಗಿಡ ಅದು, ಹೆಸರಿಡೋರಿಗೆ ಏನ್ ಹೇಳೋದು.)

ಇನ್ನೊಂದು ಕೆಲ್ಸ ಮಾಡಿ. ಒಂದು ಎಳೇ ಎಲೆ ತುದೀನ ಬೆಳಕಿಗೆ ಅಡ್ಡ ಹಿಡಿದು ಓರೆಯಾಗಿ ನೋಡಿ. ನೇರಳೆ ಇರೋದು ಎಲೇಲಾ ಕೂದಲಲ್ಲಾ ಅಂತ ಹೇಳಿ. ಹೂ ಮೊಗ್ಗು ಏನಾದ್ರೂ ಕಂಡ್ರೆ ಅದನ್ನೂ.

ಮೂಲೆಮೇಜು:

ಊಟದ ಬ್ರೇಕಲ್ಲಿ ಕೂತು ನೋಡಿದೆ, ಅಕ್ಕಪಕ್ಕದೋರು ಇವನಿಗೆ ಏನಾಯ್ತು ಅಂತ ನೋಡ್ತಿದ್ರು.

ಎಲೆ ಜೋಡಿ ಇಲ್ಲ, ಒಂದಾದ್ಮೇಲೆ ಒಂದು ಬೇರೆ ಬೇರೆ ಕಡೆಯಿಂದ ಬಂದಿದೆ. ತೊಟ್ಟು ಇದೆ. ದಂಟು ಚೌಕ ಅಲ್ಲ, ಉದ್ದಕ್ಕೂ ಸಣ್ಣ ಗೀರು ಗೀರು ಇದೆ, ಅದ್ರ ಮೇಲೂ ನೇರಳೆ ಕೂದಲು. ಗೆರೆಗಳು ಬಲೆ ಥರ ಹರಡಿವೆ.

ಆ ಬೆಳಕಿನ ವಿಷ್ಯ ಮಾತ್ರ ಸೂಪರ್ ಸಾರ್!! ಎಲೆ ಮೈ ನಿಜವಾಗ್ಲೂ ಹಸಿರೇ ಇದೆ, ನೇರಳೆ ಇರೋದು ಪೂರ್ತಿ ಕೂದಲಲ್ಲಿ. ಓರೆಯಾಗಿ ನೋಡಿದ್ರೆ ಹಸಿರು ಬಟ್ಟೆ ಮೇಲೆ ನೇರಳೆ ನೂಲು ನಿಲ್ಸಿದ ಹಾಗೆ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತೆ, ಅಂಚಲ್ಲಿ ಉರಿ ಹತ್ತಿದ ಹಾಗೆ ಒಂದು ಗೆರೆ. ಎರಡು ವರ್ಷ ಇದರ ಪಕ್ಕದಲ್ಲೇ ಓಡಾಡಿದೀನಿ, ಒಂದಿನಾನೂ ನೋಡಿರ್ಲಿಲ್ಲ.

ಹೂವು ಇದೆ!! ತುದೀಲಿ ನಾಲ್ಕೈದು ಮೊಗ್ಗು, ಎರಡು ಅರಳಿವೆ, ಕಿತ್ತಳೆ ಬಣ್ಣ, ಎಸಳು ಅಂತ ಏನಿಲ್ಲ, ಶೇವಿಂಗ್ ಬ್ರಶ್ ಥರ ಇದೆ. ಮೂಗು ಹತ್ರ ತಗೊಂಡು ಹೋಗಿ ತಪ್ಪು ಮಾಡ್ದೆ, ಎರಡು ದಿನ ಒಣಗದ ಒದ್ದೆ ಸಾಕ್ಸ್ ವಾಸನೆ. ಈ ವಾಸನೆ ಮೂರು ವಾರದಿಂದ ಆ ಮೂಲೇಲಿ ಇತ್ತು, ಪಾಪ ನಮ್ಮ ಒಬ್ಬ ಹುಡುಗನ ಶೂ ಮೇಲೆ ಎಲ್ರೂ ಹಾಕ್ತಿದ್ರು, ಅವನು ಹೊಸ ಶೂ ಕೂಡ ತಗೊಂಡ.

ಎಲೆ_ಎಣಿಕೆ:

ಹಾಹಾ ಆ ಹುಡುಗನಿಗೆ ಆಫೀಸ್ ಪರವಾಗಿ ಕ್ಷಮೆ ಕೇಳಿ. ವಾಸನೆ ಬಂತು ಅಂದ್ಮೇಲೆ ಅನುಮಾನವೇ ಇಲ್ಲ, ಇದು ಗೈನ್ಯೂರಾ ಔರಾಂಟಿಯಾಕಾ. ಮಾತಲ್ಲಿ ಪರ್ಪಲ್ ಪ್ಯಾಶನ್ ಅಂತಾರೆ, ವೆಲ್ವೆಟ್ ಪ್ಲಾಂಟ್ ಅಂತಲೂ ಅಂತಾರೆ. (ಪ್ಯಾಶನ್ ಫ್ರೂಟ್ ಬಳ್ಳಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ಹೆಸರು ಕೇಳಿ ಹಣ್ಣು ಬಿಡುತ್ತೆ ಅಂತ ಕಾದವರನ್ನ ನೋಡಿದೀನಿ.) ಹಳೇ ಲೇಬಲ್‌ಗಳಲ್ಲಿ ಗೈನ್ಯೂರಾ ಸಾರ್ಮೆಂಟೋಸಾ ಅಂತ ಇರುತ್ತೆ, ಜೋತು ಬೀಳೋ ಈ ತಳಿಯನ್ನ ಆ ಹೆಸರಲ್ಲಿ ಮಾರೋರು. ಮೂಲ ಜಾವಾ ಕಡೆಯ ಕಾಡು. 1970ರ ದಶಕದಲ್ಲಿ ಮನೆ ಒಳಗೆ ಗಿಡ ಇಡೋ ಹುಚ್ಚು ಹಿಡಿದಿತ್ತಲ್ಲ ಪಾಶ್ಚಾತ್ಯ ದೇಶಗಳಲ್ಲಿ, ಆಗ ಇದು ಭಾರೀ ಫೇಮಸ್, ಆಮೇಲೆ ಫ್ಯಾಶನ್ ಹೋಯ್ತು. ಹಾಗಾಗಿ ಹಳೇ ಕಪಾಟಿನ ಮೇಲೆ ಸಿಗೋದು ಆಶ್ಚರ್ಯ ಅಲ್ಲ.

ಇದು ಸೇವಂತಿಗೆ, ಸೂರ್ಯಕಾಂತಿ ಕುಟುಂಬದ್ದು. ನೀವು ಶೇವಿಂಗ್ ಬ್ರಶ್ ಅಂದಿದ್ದು ಒಂದು ಹೂವಲ್ಲ, ಹತ್ತಾರು ಪುಟ್ಟ ಕೊಳವೆ ಹೂಗಳ ಕಟ್ಟು. ಸೂರ್ಯಕಾಂತೀಲಿ ಸುತ್ತ ಇರೋ ಹಳದಿ ಎಸಳನ್ನೆಲ್ಲ ಕಿತ್ತು ಮಧ್ಯದ ಬಟ್ಟಲು ಮಾತ್ರ ಉಳಿಸಿದ್ರೆ ಹೇಗೋ ಹಾಗೆ. ಔರಾಂಟಿಯಾಕಾ ಅಂದ್ರೆ ಲ್ಯಾಟಿನಲ್ಲಿ ಕಿತ್ತಳೆ ಬಣ್ಣದ್ದು ಅಂತ. ಗೈನ್ಯೂರಾ ಗ್ರೀಕ್, ಹೆಣ್ಣು ಮತ್ತೆ ಬಾಲ ಅನ್ನೋ ಎರಡು ಪದ ಸೇರಿದ್ದು, ಹೂವಿನ ಶಲಾಕಾಗ್ರ, ಅಂದ್ರೆ ಹೆಣ್ಣು ಭಾಗದ ತುದಿ, ಉದ್ದಕ್ಕೆ ಬಾಲದ ಹಾಗೆ ಚಾಚಿರೋದಕ್ಕೆ. ನೋಡಿ, ಇಡೀ ಲೋಕ ನೇರಳೆ ಎಲೆಗೋಸ್ಕರ ಬೆಳೆಸೋ ಗಿಡಕ್ಕೆ ಹೆಸರಿಟ್ಟೋರು ಮೂಗು ಮುಚ್ಚಿಕೊಂಡು ಹೂ ನೋಡಿದಾರೆ.

ನೇರಳೆ ಬಣ್ಣ ಬರೋದು ಆಂಥೋಸಯನಿನ್ ಅನ್ನೋ ವರ್ಣದ್ರವ್ಯದಿಂದ, ಅದು ಕೂದಲಿನ ಜೀವಕೋಶದಲ್ಲಿ ತುಂಬಿರುತ್ತೆ. ಚಿಗುರಲ್ಲಿ ಕೂದಲು ಒತ್ತೊತ್ತಾಗಿರೋದ್ರಿಂದ ಕಡು ಬಣ್ಣ. ಎಲೆ ಅಗಲ ಆಗ್ತಾ ಅದೇ ಕೂದಲು ದೂರ ದೂರ ಸರಿದು ಮಧ್ಯ ಹಸಿರು ಕಾಣುತ್ತೆ. ಅದು ಸಹಜ. ಆದ್ರೆ ಹೊಸ ಚಿಗುರೇ ಮಂಕಾಗಿ ಬಂದ್ರೆ ಬೆಳಕು ಸಾಲ್ತಿಲ್ಲ ಅಂತ ಅರ್ಥ.

ಚಿವುಟಮ್ಮ:

ಗೈನ್ಯೂರಾನಾ!! ನನ್ನ ಅಚ್ಚುಮೆಚ್ಚಿನ ತಲೆನೋವು. ಹೆಸರು ಸಿಕ್ತಲ್ಲ, ಈಗ ನಾನೊಂದು ಮಾತು ಹೇಳ್ತೀನಿ ಬೇಜಾರಾಗ್ಬೇಡಿ. ಹದಿನೆಂಟು ವರ್ಷದ ಗಿಡ ಅಲ್ಲ ಅದು. ಇರೋಕೆ ಸಾಧ್ಯ ಇಲ್ಲ. ಗೈನ್ಯೂರಾ ಚೆನ್ನಾಗಿರೋದು ಎರಡು ವರ್ಷ, ತಳ್ಳಿದ್ರೆ ಮೂರು, ಆಮೇಲೆ ನಿಮ್ಮದು ಈಗ ಆಗಿರೋ ಹಾಗೆ ಬುಡ ಬೋಳಾಗಿ ದಂಟು ಮರದ ಕಡ್ಡಿ ಆಗಿ ತುದೀಲಿ ನಾಲ್ಕು ಎಲೆ ಉಳ್ಕೊಂಡು ಹೂ ಬಿಟ್ಟು ಮುಗಿಸುತ್ತೆ. ಈ ಗಿಡ ಬೆಳೆಸೋರೆಲ್ಲ ಅದಕ್ಕೇ ಕುಡಿ ಕತ್ತರಿಸಿ ಬೇರು ಬರ್ಸಿ ಅದೇ ಕುಂಡಕ್ಕೆ ಮತ್ತೆ ನೆಡ್ತಾರೆ, ನೋಡೋರಿಗೆ ಅದೇ ಗಿಡ ಅನ್ಸುತ್ತೆ. ಲೆಕ್ಕ ಹಾಕಿ, ಹದಿನೆಂಟು ವರ್ಷ ಅಲ್ಲಿ ಅದು ಇತ್ತು ಅಂದ್ರೆ ನಿಮ್ಮ ಆಫೀಸಲ್ಲಿ ಯಾರೋ ಏಳೆಂಟು ಸಲ ಇದನ್ನ ಹೊಸದಾಗಿ ನೆಟ್ಟಿದಾರೆ, ಯಾರಿಗೂ ಹೇಳ್ದೇ. ಒಂದು ವರ್ಷದಿಂದ ಸೊರಗ್ತಿದೆ ಅಂದ್ರಲ್ಲ, ಒಂದು ವರ್ಷದ ಹಿಂದೆ ಆಫೀಸಿಂದ ಯಾರು ಹೋದ್ರು ನೋಡಿ.

ಅದಿರ್ಲಿ, ಮೊದ್ಲು ಗಿಡ ಉಳಿಸ್ಕೊಳ್ಳಿ, ಪೇಂಟಿಂಗ್ ಅಂತೆಲ್ಲ ಕಾಯಬೇಡಿ ಇವತ್ತೇ ಮಾಡಿ. ಹೂ ಮೊಗ್ಗು ಎಲ್ಲಾ ಚಿವುಟಿ ಬಿಸಾಕಿ, ಶಕ್ತಿ ಎಲ್ಲಾ ಅದಕ್ಕೇ ಹೋಗ್ತಿದೆ, ವಾಸನೇನೂ ಹೋಗುತ್ತೆ. ಎಲೆ ಗಟ್ಟಿಮುಟ್ಟಾಗಿರೋ ಮೂರ್ನಾಲ್ಕು ತುದಿ ಆರಿಸ್ಕೊಳ್ಳಿ, ಒಂದೊಂದೂ 4 ಇಂಚು ಸಾಕು, ಗಿಣ್ಣಿನ ಸ್ವಲ್ಪ ಕೆಳಗೆ ಚೂಪು ಬ್ಲೇಡಲ್ಲಿ ಕತ್ತರಿಸಿ, ಕತ್ತರಿ ಮೊಂಡಾಗಿದ್ರೆ ದಂಟು ಜಜ್ಜಿ ಹೋಗುತ್ತೆ. ಕೆಳಗಿನ ಎಲೆ ತೆಗೀರಿ. ಇಲ್ಲಿ ಎಲ್ರೂ ತಪ್ಪು ಮಾಡೋದು ಏನಂದ್ರೆ ನೀರಲ್ಲಿ ಎಲೆ ಮುಳುಗೋ ಹಾಗೆ ಇಡ್ತಾರೆ, ಈ ತುಪ್ಪಳದ ಎಲೆ ನೀರು ಹಿಡ್ಕೊಂಡ್ರೆ ಮೂರೇ ದಿನಕ್ಕೆ ಕೊಳೆತು ಲೋಳೆ ಆಗುತ್ತೆ, ನೀರೆಲ್ಲಾ ನಾರುತ್ತೆ, ಕಡ್ಡೀನೂ ಹೋಗುತ್ತೆ. ಗಿಣ್ಣು ನೀರೊಳಗೆ, ಎಲೆ ನೀರಿನ ಮೇಲೆ. ಬಾಯಿ ಸಣ್ಣ ಇರೋ ಸೀಸೆ ಬೆಸ್ಟ್, ಕಡ್ಡಿ ಒಳಗೆ ಜಾರಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಾಯ್ಸಿ. ಹತ್ತು ಹದಿನೈದು ದಿನಕ್ಕೆ ಬೇರು ಬರುತ್ತೆ, ಒಂದಿಂಚು ಆದ್ಮೇಲೆ ನೀರು ಚೆನ್ನಾಗಿ ಬಸಿಯೋ ಮಣ್ಣಿಗೆ ಹಾಕಿ, ಮೂರ್ನಾಲ್ಕು ಕಡ್ಡೀನೂ ಒಂದೇ ಕುಂಡಕ್ಕೆ, ಆಗ ಪೊದೆ ಥರ ತುಂಬುತ್ತೆ. ಒಂದೇ ಕಡ್ಡಿ ನೆಟ್ರೆ ಮತ್ತೆ ಒಂಟಿ ಬಾವುಟ.

ಕಂದು ಮಚ್ಚೆ ಬಂದಿರೋದು ಯಾರೋ ಮೇಲಿಂದ ನೀರು ಸುರೀತಿದಾರೆ ಅಂತ. ಎಲೆಗೆ ನೀರು ಸ್ಪ್ರೇ ಮಾಡ್ಬೇಡಿ, ಬುಡಕ್ಕೆ ಮಾತ್ರ ಹಾಕಿ, ಮೇಲಿನ ಮಣ್ಣು ಒಣಗಿದ್ಮೇಲೆ. ಧೂಳು ಕೂತ್ರೆ ಒದ್ದೆ ಬಟ್ಟೆ ಬೇಡ, ಒಣ ಮೆದು ಬ್ರಶ್ ಸಾಕು. ಕಿಟಕಿ ಹತ್ರ ಚೆನ್ನಾಗಿ ಬೆಳಕಿರ್ಲಿ, ಮಧ್ಯಾಹ್ನದ ನೇರ ಬಿಸಿಲು ಬೇಡ. ಮತ್ತೆ ನನ್ನ ಹೆಸರೇ ಹೇಳೋ ಹಾಗೆ, ಚಿಗುರು ಚಿವುಟ್ತಾ ಇರಿ, ಕರುಣೆ ತೋರಿಸ್ಬೇಡಿ.

ಹಾ ಮರ್ತೆ, ಎಲೆ ತೊಟ್ಟಿನ ಸಂದಿ ನೋಡಿ ಬಿಳೀ ಹತ್ತಿ ಥರ ಏನಾದ್ರೂ ಇದ್ಯಾ ಅಂತ. ಹಿಟ್ಟು ತಿಗಣೆ ಈ ಕೂದಲೊಳಗೆ ಅಡಗಿ ಕೂತ್ರೆ ಕಣ್ಣಿಗೇ ಬೀಳಲ್ಲ. ಇದ್ರೆ ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟಲ್ಲಿ ಅದ್ದಿ ಹುಳಕ್ಕಷ್ಟೇ ಮುಟ್ಟಿಸಿ, ಎಲೆಗೆಲ್ಲ ಬಳಿಯಬೇಡಿ, ಕೂದಲು ಸುಟ್ಟು ಬೋಳು ಚುಕ್ಕೆ ಬೀಳುತ್ತೆ.

ಕುಂಡಪ್ಪ:

ಸರಿ ಸರಿ ಒಪ್ಕೊಂಡೆ, ಸೋತೆ. ಈಗ್ತಾನೆ ಹೋಗಿ ನನ್ನ ಗಿಡದ ಎಲೆ ಬುಡ ನೋಡಿ ಬಂದೆ, ತೋಳಿನ ಹಾಗೇ ಸುತ್ಕೊಂಡಿದೆ, ಇಷ್ಟು ವರ್ಷ ಬೆಳೆಸಿದೀನಿ ಇವತ್ತೇ ನೋಡಿದ್ದು. ಈಗ ನನಗೂ ಆ ಮಖಮಲ್ ಗಿಡ ಬೇಕು ಅನ್ನಿಸ್ತಿದೆ. ಮನೇಲಿ ಬೆಕ್ಕಿದೆ, ಸಿಕ್ಕಿದ್ದೆಲ್ಲಾ ಅಗಿಯುತ್ತೆ, ಪ್ರಾಬ್ಲಮ್ ಆಗುತ್ತಾ?

ಎಲೆ_ಎಣಿಕೆ:

ಅಮೆರಿಕದ ಎಎಸ್‌ಪಿಸಿಎ ಅನ್ನೋ ಪ್ರಾಣಿದಯಾ ಸಂಸ್ಥೆಯ ಪಟ್ಟೀಲಿ ಇದನ್ನ ನಾಯಿ ಬೆಕ್ಕಿಗೆ ವಿಷ ಅಲ್ಲ ಅಂತಲೇ ಹಾಕಿದಾರೆ. ಬೆಕ್ಕು ಒಂದು ಎಲೆ ಕಚ್ಚಿದ್ರೆ ಗಾಬರಿ ಬೇಡ. ಮನುಷ್ಯರ ಕಥೆ ಬೇರೆ. ಗೈನ್ಯೂರಾ ಕುಲದಲ್ಲಿ ಸೊಪ್ಪಿನ ಥರ ತಿನ್ನೋ ಜಾತಿಗಳಿವೆ, ಅದೇ ಕುಲದಲ್ಲಿ ಗೈನ್ಯೂರಾ ಜಪೋನಿಕಾ ಅಂತ ಇನ್ನೊಂದಿದೆ, ಚೀನಾದಲ್ಲಿ ಮನೆಮದ್ದು ಅಂತ ಅದನ್ನ ತಗೊಂಡು ಲಿವರ್ ಹಾಳು ಮಾಡ್ಕೊಂಡ ಕೇಸುಗಳು ವೈದ್ಯಕೀಯ ಸಾಹಿತ್ಯದಲ್ಲಿ ತುಂಬಾ ಇವೆ, ಅದರಲ್ಲಿರೋ ಪಿರೋಲಿಜಿಡೀನ್ ಆಲ್ಕಲಾಯ್ಡ್ ಅನ್ನೋ ವಿಷ ಕಾರಣ. ಹಾಗಾಗಿ ಯಾರೋ ಎಲ್ಲೋ ಗೈನ್ಯೂರಾ ಶುಗರ್‌ಗೆ ಒಳ್ಳೇದು ಅಂತ ಫಾರ್ವರ್ಡ್ ಕಳ್ಸಿದ್ರೆ ಕಪಾಟಿನ ಗಿಡ ಕಿತ್ತು ಬಾಯಿಗೆ ಹಾಕ್ಕೋಬೇಡಿ.

ಲ್ಯಾಬ್‌ಕೋಟು:

ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಗೈನ್ಯೂರಾ ಹೆಸರು ನೋಡಿ ನಿಂತೆ. ನೀವೆಲ್ಲ ಅಂದಕ್ಕೆ ಬೆಳೆಸೋ ಈ ಗಿಡಾನ ನಾವು ಕಾಯಿಲೆ ಬರ್ಸೋಕೆ ಬೆಳೆಸ್ತೀವಿ. ಸಿಟ್ರಸ್ ಎಕ್ಸೋಕಾರ್ಟಿಸ್ ಅಂತ ನಿಂಬೆ ಕಿತ್ತಳೆ ಜಾತಿ ಮರಗಳಿಗೆ ಒಂದು ರೋಗ ಇದೆ, ಕೆಲವು ಬೇರುಗಿಡಗಳ ಮೇಲೆ ಕಸಿ ಮಾಡಿದ ಮರದ ಬುಡದ ತೊಗಟೆ ಸುಲಿದು ಮರ ಕುಳ್ಳಾಗುತ್ತೆ. ಅದಕ್ಕೆ ಕಾರಣ ವೈರಸ್ಸೂ ಅಲ್ಲ, ವೈರಾಯ್ಡ್, ಸುಮಾರು 371 ಅಕ್ಷರದ ಒಂದು ಆರ್‌ಎನ್‌ಎ ಉಂಗುರ ಅಷ್ಟೇ, ಮೇಲೊಂದು ಪ್ರೋಟೀನ್ ಅಂಗಿ ಕೂಡ ಇಲ್ಲ. ಮರದಲ್ಲಿ ಲಕ್ಷಣ ಕಾಣೋಕೆ ವರ್ಷಗಟ್ಟಲೆ ಕಾಯಬೇಕು, ಗೈನ್ಯೂರಾಗೆ ಅಂಟಿಸಿದ್ರೆ ಕೆಲವೇ ವಾರಕ್ಕೆ ಎಲೆ ಕೆಳಗೆ ಮುದುಡಿ ಸುಕ್ಕುಗಟ್ಟಿ ಗಿಡ ಗಿಡ್ಡ ಆಗಿ ತೋರ್ಸಿಬಿಡುತ್ತೆ.

ಇದು ಹರಡೋದು ಮುಖ್ಯವಾಗಿ ಬ್ಲೇಡು, ಕತ್ತರಿ ಮೂಲಕ. ಮೂಲೆಮೇಜು ಅವ್ರ ಗಿಡಕ್ಕೆ ಇದೇ ಬಂದಿದೆ ಅಂತ ಹೇಳ್ತಿಲ್ಲ, ಫೋಟೋ ನೋಡಿದ್ರೆ ಅದಕ್ಕೆ ಬರೀ ವಯಸ್ಸಾಗಿದೆ. ಆದ್ರೆ ಮನೇಲಿ ನಿಂಬೆ ಗಿಡ ಕತ್ತರಿಸಿದ ಕತ್ತರೀಲೇ ಇದನ್ನೂ ಕತ್ತರಿಸೋ ಅಭ್ಯಾಸ ಇದ್ರೆ ಬ್ಲೀಚ್ ನೀರಲ್ಲಿ ಅದ್ದಿ ತೊಳೆದು ಆಮೇಲೆ ಕೈ ಹಾಕಿ.

ಮೂಲೆಮೇಜು:

ಲೇಟಾಗಿ ಬರೀತಿದೀನಿ, ಸಾರಿ, ಹನ್ನೆರಡು ದಿನ ಆಯ್ತು.

ಚಿವುಟಮ್ಮ ಅವ್ರೇ, ನಿಮ್ಮ ಮಾತು ಓದಿದ ದಿನ ರಾತ್ರಿ ಅದೇ ತಲೇಲಿ ಓಡ್ತಿತ್ತು. ಒಂದು ವರ್ಷದ ಹಿಂದೆ ಹೋದೋರು ಒಬ್ರೇ, ಅಕೌಂಟ್ಸ್‌ನಲ್ಲಿದ್ರು, ರಿಟೈರ್ ಆದ್ರು. ಯಾರ ಜೊತೇನೂ ಜಾಸ್ತಿ ಮಾತಾಡ್ತಿರ್ಲಿಲ್ಲ, ನಾನು ಅವರ ಹತ್ರ ಟ್ರಾವೆಲ್ ಬಿಲ್ ವಿಷ್ಯಕ್ಕೆ ಬೈಸ್ಕೊಂಡಿದ್ದು ಬಿಟ್ರೆ ಬೇರೆ ನೆನಪಿಲ್ಲ. ಮಾರನೇ ದಿನ ಪೇಂಟಿಂಗ್‌ಗೆ ಅಂತ ಕಪಾಟು ಸರಿಸಿದ್ರು, ಗೋಡೆಗೂ ಕಪಾಟಿಗೂ ಮಧ್ಯ ಒಂದು ಸೀಸೆ ಸಿಕ್ತು. ಇಂಕ್ ಬಾಟಲ್ಲು, ಸಣ್ಣ ಬಾಯಿದು. ಒಳಗೆ ಅರ್ಧದವರೆಗೆ ಬಿಳೀ ಗೆರೆ ಮೇಲೆ ಗೆರೆ, ಗೆರೆ ಮೇಲೆ ಗೆರೆ, ನೀರು ನಿಂತು ಒಣಗಿ ಒಣಗಿ ಆಗಿದ್ದು. ತಳದಲ್ಲಿ ಕೂದಲಿನ ಹಾಗೆ ಒಣಗಿದ ಬೇರಿನ ಚೂರು. ಬಾಟಲ್ ಕತ್ತಿಗೆ ಫೈಲಿಗೆ ಕಟ್ತಾರಲ್ಲ ಆ ಬಿಳೀ ಟ್ಯಾಗ್ ದಾರ ಸುತ್ತಿತ್ತು.

ಎಚ್‌ಆರ್‌ನವ್ರನ್ನ ಕೇಳಿ ನಂಬರ್ ತಗೊಂಡು ಫೋನ್ ಮಾಡ್ದೆ. ನಾನು ಯಾರು ಅಂತ ಗೊತ್ತಾಗೋಕೇ ಸ್ವಲ್ಪ ಹೊತ್ತು ಬೇಕಾಯ್ತು. ಗಿಡ ಅಂದ ತಕ್ಷಣ, ಹೂ ಬಿಟ್ಟಿದ್ಯಾ ಅಂದ್ರು. ಹೂಂ ಅಂದೆ. ಅಯ್ಯೋ ಹೂ ಬಿಡೋಕೆ ಬಿಡಬಾರ್ದಪ್ಪ, ಎಲ್ರೂ ಮೂಗು ಮುಚ್ಕೋತಾರೆ, ಅದಕ್ಕೇ ನಾನು ಬೆಳಿಗ್ಗೆ ಬೇಗ ಬಂದು ಮೊಗ್ಗು ಕಿತ್ತು ಹಾಕ್ತಿದ್ದೆ ಅಂದ್ರು. ಅವರಿಗೂ ಅದರ ಹೆಸರು ಗೊತ್ತಿಲ್ಲ! ಅವರು ಸೇರಿದಾಗ ಆ ಸೀಟಲ್ಲಿದ್ದೋರು ಒಂದು ಕಡ್ಡಿ ಕೊಟ್ಟಿದ್ರಂತೆ. ಗೈನ್ಯೂರಾ ಅಂತ ಹೇಳ್ದೆ, ಎರಡು ಸಲ ಹೇಳಿಸ್ಕೊಂಡು ಬರ್ಕೊಂಡ್ರು. ಆಮೇಲೆ ಕೇಳಿದ್ರು, ಕಪಾಟಿನ ಹಿಂದೆ ಒಂದು ಸೀಸೆ ಇತ್ತಲ್ಲ ಎಸೆದ್ರಾ ಅಂತ.

ಎಸೆದಿಲ್ಲ. ಅದ್ರಲ್ಲೇ ಮೂರು ಕಡ್ಡಿ ಇಟ್ಟಿದೀನಿ, ಗಿಣ್ಣು ನೀರೊಳಗೆ, ಎಲೆ ಮೇಲೆ. ಒಂದು ಕೊಳೀತು, ಅದು ನನ್ನ ತಪ್ಪು, ಒಂದು ಎಲೆ ಮುಳುಗಿತ್ತು ನೋಡಿರ್ಲಿಲ್ಲ. ಉಳಿದ ಎರಡರಲ್ಲಿ ಒಂದಕ್ಕೆ ನಿನ್ನೆ ಬಿಳೀ ಮೊಳಕೆ ಥರ ನಾಲ್ಕು ಬೇರು ಬಂದಿದೆ, ಅರ್ಧ ಇಂಚೂ ಇಲ್ಲ. ಇನ್ನೊಂದಕ್ಕೆ ಗಿಣ್ಣು ಮಾತ್ರ ಉಬ್ಬಿದೆ. ಹಳೇ ಗಿಡಾನ ಮಣ್ಣಿಂದ ಎರಡು ಗಿಣ್ಣು ಬಿಟ್ಟು ಕತ್ತರಿಸಿದೀನಿ, ಏನೂ ಆಗಿಲ್ಲ ಇನ್ನೂ. ಅದಕ್ಕೂ ಚಿಗುರು ಬರುತ್ತಾ, ಎಷ್ಟು ದಿನ ಕಾಯಬೇಕು?

ಚಿವುಟಮ್ಮ:

ಒಂದು ತಿಂಗಳು ಕೊಡಿ. ದಂಟು ಉಗುರಲ್ಲಿ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ರೆ ಆಸೆ ಇದೆ, ಕಂದು ಇದ್ರೆ ಬಿಡಿ. ಎಲೆ ಇಲ್ಲದ ಗಿಡ ನೀರು ಕುಡಿಯಲ್ಲ, ಅದಕ್ಕೆ ನೀರು ತುಂಬಾ ಕಮ್ಮಿ ಮಾಡಿ, ಇಲ್ಲಾಂದ್ರೆ ಬೇರು ಕೊಳೆಯುತ್ತೆ. ಗಿಣ್ಣು ಉಬ್ಬಿರೋ ಕಡ್ಡಿ ಇನ್ನೊಂದು ವಾರದಲ್ಲಿ ಬೇರು ಬಿಡುತ್ತೆ, ದಿನಾ ಎತ್ತಿ ಎತ್ತಿ ನೋಡ್ಬೇಡಿ. ಮತ್ತೆ ಎರಡೇ ಕಡ್ಡಿ ಸಾಲಲ್ಲ, ತುದಿ ಉಳಿದಿದ್ರೆ ಇನ್ನೂ ಎರಡು ಹಾಕಿ. ಅಕೌಂಟ್ಸ್‌ನವ್ರಿಗೂ ಒಂದು ಬೇಕಾಗುತ್ತೆ.